ಜರ್ಮನಿಯ ಬಂದೂಕು, ತುರ್ಕಿಯ ಮುದ್ರೆ

(ಉಪನ್ಯಾಸವೊಂದರ ಬರಹರೂಪ)



ಹೆಗ್ಗಡದೇವನಕೋಟೆಯ ಕಾಡಂಚಿನ ರೈತನಿಗೆ ಕೋವಿ ಹೊಸದಲ್ಲ; ಪಿರಿಯಾಪಟ್ಟಣದ ಕಡೆಯೂ ಬೆಳೆ ಕಾಯಲು ಕೋವಿ ಇಟ್ಟವರುಂಟು. ಹುಣಸೂರಿಗಂತೂ ಸೈನ್ಯದ ನಂಟು ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರ ಫೌಜಿಗೆ ಬೇಕಾದ ಚರ್ಮ, ಕಂಬಳಿ ಇಲ್ಲಿ ತಯಾರಾಗುತ್ತಿದ್ದವು. ತೋಪು ಎಳೆಯುವ ಅಮೃತಮಹಲ್ ಎತ್ತುಗಳ ಇಲಾಖೆಯೂ ಇಲ್ಲೇ ಇತ್ತು. ಆದರೂ ಕೃಷ್ಣರಾಜನಗರದಿಂದ ಕೋಟೆಯವರೆಗೆ ಯಾರನ್ನು ಕೇಳಿದರೂ, ಮೈಸೂರು ಮಹಾರಾಜರ ಸವಾರರು ಮೊದಲ ಮಹಾಯುದ್ಧದಲ್ಲಿ ಎದುರಿಸಿದ ಬಂದೂಕು ಯಾವುದೆಂದು ಹೇಳುವವರು ವಿರಳ.

ಆ ಸವಾರರು ಮೈಸೂರು ಲ್ಯಾನ್ಸರ್ಸ್ ದಳದವರು. 1918ರ ಸೆಪ್ಟೆಂಬರ್ 23ರಂದು ಅವರೂ ಜೋಧಪುರದವರೂ ಕೂಡಿ, ಭರ್ಜಿ ಹಿಡಿದು ಕುದುರೆಯ ಮೇಲೆ ನುಗ್ಗಿ, ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದರು. ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿದ್ದ ತೋಪುಗಳ ಮೇಲೆ ಹತ್ತಿಹೋದವರು ಮೈಸೂರಿನವರು. ಅಂದು 1,350 ಜನ ಸೆರೆಸಿಕ್ಕರು. 17 ತೋಪು, 11 ಮೆಷಿನ್ ಗನ್ ಕೈವಶವಾದವು. ಸೆರೆಯಾದ ಅಧಿಕಾರಿಗಳಲ್ಲಿ ತುರ್ಕಿಯವರು 35, ಜರ್ಮನರು ಇಬ್ಬರೇ.

ಈ ಕೊನೆಯ ಲೆಕ್ಕವನ್ನು ನೆನಪಿಡಬೇಕು. ಅಂಥ ರಣಭೂಮಿಯಲ್ಲಿ ತುಕ್ಕು ಹಿಡಿದ ಬಂದೂಕು ಸಿಕ್ಕಿದರೆ, ಮೌಸರ್ ಎಂಬ ಹೆಸರು ಕಂಡೊಡನೆ 'ಜರ್ಮನ್ ಸಿಪಾಯಿಯದು' ಎಂದುಬಿಡುವುದುಂಟು. ಮೌಸರ್ ಕಂಪನಿ ಜರ್ಮನಿಯ ಓಬರ್ನ್‌ಡಾರ್ಫ್ ಊರಿನದು, ನಿಜ. ಆದರೆ ಅದು ತುರ್ಕಿಯ ಸುಲ್ತಾನನಿಗೂ ಲಕ್ಷಗಟ್ಟಲೆ ಬಂದೂಕು ಮಾಡಿಕೊಟ್ಟಿತ್ತು. ಹೆತ್ತ ಊರು ಒಂದು, ಸಾಕಿದ ಮನೆ ಇನ್ನೊಂದು.

ಮೊದಲು ಆಕಾರ ನೋಡಬೇಕು. ಭಾರತೀಯ ಸೈನಿಕನ ಲೀ-ಎನ್‌ಫೀಲ್ಡ್‌ನಲ್ಲಿ ಹತ್ತು ತೋಟಾದ ಪೆಟ್ಟಿಗೆ ಕುದುರೆಯ, ಅಂದರೆ ಟ್ರಿಗರಿನ, ಮುಂದೆ ಕೆಳಗೆ ಚಾಚಿಕೊಂಡಿರುತ್ತದೆ. 1893ರ ನಂತರದ ತುರ್ಕಿ ಮೌಸರ್‌ನಲ್ಲಾಗಲಿ ಜರ್ಮನಿಯ 1898ರ ಮಾದರಿಯಲ್ಲಾಗಲಿ ಐದು ತೋಟಾ ಮರದೊಳಗೇ ಅಡಗುತ್ತವೆ. ಮರ ಮಣ್ಣುಪಾಲಾದರೂ ತೋಟಾ ಸಾಕ್ಷಿ ಹೇಳೀತು. ಬ್ರಿಟಿಷ್ ತೋಟಾದ ಬುಡದಲ್ಲಿ ಅಂಚು ಹೊರಚಾಚಿರುತ್ತದೆ. ಮೌಸರ್ ತೋಟಾಕ್ಕೆ ಅಂಥ ಅಂಚಿಲ್ಲ, ಸುತ್ತ ಗೀರು ಮಾತ್ರ. ತುರ್ಕಿಯದು 7.65 ಮಿಲಿಮೀಟರ್, ಜರ್ಮನಿಯದು 7.92.

ಆಮೇಲೆ ಮುದ್ರೆ. ನಳಿಗೆಯ ಬುಡದಲ್ಲಿ, ತೋಟಾ ಕೂರುವಲ್ಲಿ, ದಪ್ಪನೆಯ ಉಕ್ಕಿನ ಬಳೆಯಂಥ ಭಾಗವಿದೆ. ಜರ್ಮನ್ ಸೈನ್ಯದ ಬಂದೂಕಾದರೆ ಅಲ್ಲಿ ಕಿರೀಟ, ಕೆಳಗೆ ಡಾನ್‌ಜಿಗ್, ಅಂಬೆರ್ಗ್, ಸ್ಪಾಂಡೌ ಇಂಥ ಕಾರ್ಖಾನೆಯ ಹೆಸರು, ಇಸವಿ. ತುರ್ಕಿಯದಾದರೆ ಸುಲ್ತಾನನ ಸುರುಳಿಸುರುಳಿ ಅಂಕಿತವಾದ ತುಘ್ರಾ. ಬರಹ ಅರಬ್ಬೀ ಲಿಪಿಯಲ್ಲಿ, ಗುರಿಪಟ್ಟಿಯ ಅಂಕಿಯೂ ಹಾಗೆಯೇ. ವರ್ಷ 1319 ಎಂದಿದ್ದರೆ ಗಾಬರಿ ಬೇಡ, ಅದು ಇಪ್ಪತ್ತನೆಯ ಶತಮಾನದ ಆರಂಭವೇ. ಯುದ್ಧಕಾಲದಲ್ಲಿ ಜರ್ಮನಿ ತನ್ನ 1888ರ ಹಳೆಯ ಮಾದರಿಯನ್ನೂ ತುರ್ಕಿಗೆ ಕೊಟ್ಟಿತು. ಅವುಗಳ ಮೇಲೆ ಅರ್ಧಚಂದ್ರ ಒತ್ತಿರುವುದುಂಟು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಜರ್ಮನರು ಜಾಣರಾಗಿದ್ದರು. ಯಾವ ಕಾರ್ಖಾನೆ ಎಷ್ಟು ಮಾಡುತ್ತದೆಂದು ಶತ್ರುವಿಗೆ ತಿಳಿಯದಿರಲೆಂದು ಹೆಸರು ಬಿಟ್ಟು ಗುಪ್ತಾಕ್ಷರ ಒತ್ತಿದರು. 'ಬಿವೈಎಫ್ 42' ಎಂದರೆ 1942ರಲ್ಲಿ ಓಬರ್ನ್‌ಡಾರ್ಫ್ ಮೌಸರ್ ಕಾರ್ಖಾನೆಯಲ್ಲಿ ಆದದ್ದು. ಉತ್ತರ ಆಫ್ರಿಕ, ಇಟಲಿಗಳಲ್ಲಿ ಭಾರತೀಯರು ಎದುರಿಸಿದ ಗಿಡ್ಡನೆಯ ಮೌಸರ್ ಇದೇ.

ಇಷ್ಟೆಲ್ಲ ಯಾತಕ್ಕೆ? ಹಳೆಯ ಕಂದಕಗಳಲ್ಲಿ ಬಂದೂಕಿನ ಪಕ್ಕದಲ್ಲೇ ಅಸ್ಥಿ ಸಿಕ್ಕುವುದುಂಟು. ಅದು ಯಾವ ದೇಶದ ತಾಯಿಯ ಮಗ? ಬಂದೂಕು ಒಂದನ್ನೇ ನಂಬಿದರೆ ಮೋಸಹೋಗಬಹುದು, ಶತ್ರುವಿನ ಆಯುಧ ಎತ್ತಿಕೊಂಡವರೂ ಇದ್ದರಲ್ಲ. ಗುಂಡಿ, ಬೆಲ್ಟಿನ ಕೊಕ್ಕೆ, ಗುರುತಿನ ಬಿಲ್ಲೆ, ಸಿಕ್ಕಿದ ಜಾಗ, ಎಲ್ಲವೂ ಕೂಡಿಯೇ ಹೇಳಬೇಕು. ವಸ್ತುವನ್ನು ಜಾಗದಿಂದ ಕಿತ್ತು ಸಂತೆಯಲ್ಲಿ ಮಾರಿದರೆ ಆ ಸತ್ತವನ ಗುರುತೂ ಅದರ ಜೊತೆಗೇ ಹೋಯಿತು. ಹೈಫಾದಲ್ಲಿ ಭಾರತೀಯ ಯೋಧರ ಸ್ಮಶಾನವಿದೆ, ಬೆಂಗಳೂರಿನ ಜೆ.ಸಿ. ನಗರದ ಬಳಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂವರಲ್ಲಿ ಒಬ್ಬ ಮೈಸೂರಿನವನು.

ಮನೆಯ ಅಟ್ಟದಲ್ಲಿ ಹಿರಿಯರು ತಂದಿಟ್ಟ ಸಿಡಿದ ತೋಟಾದ ಕೊಳವೆಯೋ ಬಿಲ್ಲೆಯೋ ಸಿಕ್ಕೀತು. ಹುಣಸೂರಿನವರಿಗೆ ಹುಣಸೆಹಣ್ಣು ಬೇಡವೆನ್ನುವುದು ಕಷ್ಟವೇ; ಆದರೂ ಹಿತ್ತಾಳೆ ಹೊಳೆಯಲೆಂದು ಹುಣಸೆ, ಬೂದಿ ಹಾಕಿ ತಿಕ್ಕಬೇಡಿ, ತಂತಿ ಬ್ರಷ್ ಬೇಡವೇ ಬೇಡ. ಅಕ್ಷರ ಅಳಿದುಹೋಗುತ್ತದೆ. ಸಿಡಿಯದ ತೋಟಾ ಆದರೆ ಮುಟ್ಟದೆ ಪೊಲೀಸರಿಗೆ ತಿಳಿಸಬೇಕು. ಬಂದೂಕೇ ಸಿಕ್ಕಿದರೂ ಹಾಗೆಯೇ. 1959ರ ಶಸ್ತ್ರಾಸ್ತ್ರ ಕಾಯಿದೆ ಅಜ್ಜನ ನೆನಪೆಂದು ರಿಯಾಯಿತಿ ಕೊಡುವುದಿಲ್ಲ.