ತೋಳವಿಲ್ಲದ ಬೆಟ್ಟದ ಕೆಂಪು ಜಿಂಕೆ



ಸ್ಕಾಟ್ಲೆಂಡಿನ ಉತ್ತರದ ಬೆಟ್ಟಸೀಮೆಗೆ ಹೈಲ್ಯಾಂಡ್ಸ್ ಎಂದು ಹೆಸರು. ಬ್ರಿಟನ್ನಿನ ನೆಲದ ಮೇಲೆ ಬದುಕುವ ಅತಿ ದೊಡ್ಡ ವನ್ಯಪ್ರಾಣಿಯಾದ ಕೆಂಪು ಜಿಂಕೆಯ ಮುಖ್ಯ ನೆಲೆ ಅದು. ಮಲೆನಾಡಿನ ಕಡವೆಯ ಕುಟುಂಬಕ್ಕೇ ಸೇರಿದ ಈ ಜೀವಿಯ ಮೈಬಣ್ಣ ಬೇಸಿಗೆಯಲ್ಲಿ ಕೆಂಗಂದು, ಚಳಿಗಾಲದಲ್ಲಿ ಬೂದುಗಂದು.

ಕೊಂಬಿರುವುದು ಗಂಡಿಗೆ ಮಾತ್ರ. ಅದು ವಸಂತದಲ್ಲಿ ಉದುರಿ, ಬೇಸಿಗೆ ಮುಗಿಯುವುದರೊಳಗೆ ಮತ್ತೆ ಬೆಳೆಯುತ್ತದೆ. ವರ್ಷದ ಬಹುಕಾಲ ಗಂಡು ಹೆಣ್ಣುಗಳ ಹಿಂಡುಗಳು ಬೇರೆ ಬೇರೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನ ಬೆದೆಗಾಲದಲ್ಲಿ ಗಂಡಿನ ಘರ್ಜನೆ ಕಣಿವೆಗಳಲ್ಲಿ ಮೊಳಗುತ್ತದೆ. ಹೆಣ್ಣುಗಳ ಗುಂಪನ್ನು ಕಾಯುವ ಭರದಲ್ಲಿ ಅದು ಮೇವನ್ನೇ ಮರೆತು ಸೊರಗುತ್ತದೆ. ಹೆಣ್ಣು ಸಾಮಾನ್ಯವಾಗಿ ಜೂನ್ ಹೊತ್ತಿಗೆ ಒಂದೇ ಮರಿಯನ್ನು ಈಯುತ್ತದೆ.

ಈ ಜಿಂಕೆಯ ನೈಸರ್ಗಿಕ ಶತ್ರುವಾಗಿದ್ದ ತೋಳವನ್ನು ಮನುಷ್ಯ ಸುಮಾರು 300 ವರ್ಷಗಳ ಹಿಂದೆಯೇ ಅಲ್ಲಿ ನಿರ್ಮೂಲಗೊಳಿಸಿದನು. 19ನೆಯ ಶತಮಾನದಲ್ಲಿ ಶ್ರೀಮಂತರ ಬೇಟೆಗಾಗಿ ವಿಶಾಲ ಬೆಟ್ಟಗಳು ಮೀಸಲಾದವು. ಮರ ಕಡಿತ, ಕುರಿ ಮೇಯಿಸುವಿಕೆಗಳಿಂದ ಮೊದಲೇ ಬೋಳಾಗಿದ್ದ ನೆಲದಲ್ಲಿ ಪೈನ್, ಬರ್ಚ್ ಮರಗಳ ಸಸಿ ತಲೆಯೆತ್ತಿದೊಡನೆ ಜಿಂಕೆಯ ಬಾಯಿಗೆ ತುತ್ತಾಯಿತು. ಮುದಿ ಮರಗಳಿದ್ದವು, ಎಳೆಯವು ಇರಲಿಲ್ಲ.

ಸಂಖ್ಯೆಯ ಹೆಚ್ಚಳ ಜಿಂಕೆಗೂ ಹಿತವಾಗಲಿಲ್ಲ. ರಮ್ ದ್ವೀಪದಲ್ಲಿ ವಿಜ್ಞಾನಿಗಳು ಒಂದೊಂದು ಜಿಂಕೆಯನ್ನೂ ಗುರುತಿಟ್ಟು ದಶಕಗಳಿಂದ ಅಧ್ಯಯನ ನಡೆಸಿದ್ದಾರೆ. ಅಲ್ಲಿನ ಒಂದು ಭಾಗದಲ್ಲಿ 1970ರ ದಶಕದ ಆರಂಭದಲ್ಲಿ ಕೊಲ್ಲುವುದನ್ನು ನಿಲ್ಲಿಸಿದಾಗ ಹೆಣ್ಣುಗಳ ಸಂಖ್ಯೆ ಏರಿತು. ಜೊತೆಗೆ ಚಳಿಗಾಲದಲ್ಲಿ ಸಾಯುವ ಮರಿಗಳ ಪ್ರಮಾಣವೂ ಏರಿತು. ಮೇವು ಸಾಲದೆ ಬಂದ ಸಾವು ಗುಂಡಿನ ಸಾವಿಗಿಂತ ಕರುಣಾಮಯವೇನಲ್ಲ.

ಕ್ರೇಗ್ ಮೆಗ್ಗಿ ಎಂಬ ಬೆಟ್ಟ ಬೇರೊಂದು ದಾರಿಯನ್ನು ತೋರಿತು. 1985ರಲ್ಲಿ ಸರ್ಕಾರದ ಪ್ರಕೃತಿ ಸಂರಕ್ಷಣಾ ಮಂಡಳಿ ಅದನ್ನು ಕೊಂಡಿತು. ಬೇಲಿ ಹಾಕಲಿಲ್ಲ, ಜಿಂಕೆಗಳ ಸಂಖ್ಯೆಯನ್ನು ತಗ್ಗಿಸಿತು, ಕುರಿಗಳನ್ನು ಹೊರಗಿಟ್ಟಿತು. ಕೆಲವೇ ವರ್ಷಗಳಲ್ಲಿ ಬರ್ಚ್ ಸಸಿಗಳು ತಾವಾಗಿಯೇ ಎದ್ದವು. ಜಿಂಕೆಗಳೂ ಅಲ್ಲಿಂದ ಅಳಿಯಲಿಲ್ಲ.

ಕೊಲ್ಲುವ ಮಾತು ಪ್ರಾಣಿಪ್ರಿಯರಿಗೆ ಕಹಿಯೇ ಸರಿ. ಆದರೆ ತೋಳವನ್ನು ಅಳಿಸಿದ ಮನುಷ್ಯ ತೋಳದ ಕೆಲಸವನ್ನೂ ಹೊರಲೇಬೇಕಾಯಿತು. ಪಶ್ಚಿಮ ಘಟ್ಟದಲ್ಲಿ ಹುಲಿ, ಸೀಳುನಾಯಿಗಳು ಇಂದಿಗೂ ಕಡವೆಯನ್ನು ಬೆನ್ನಟ್ಟುತ್ತಿವೆ. ಅವು ಇಲ್ಲವಾದರೆ ಆ ಭಾರ ಯಾರ ಹೆಗಲಿಗೆ ಬೀಳುವುದೆಂಬುದನ್ನು ಘಟ್ಟದ ಜನ ಈಗಲೇ ಯೋಚಿಸುವುದು ಒಳಿತು.