ನೋವು ಭುಜದಲ್ಲಿ, ಕಲ್ಲು ಪಿತ್ತಕೋಶದಲ್ಲಿ

ಬಲಭುಜದ ಹಿಂದೆ, ಹೆಗಲಮೂಳೆಯ ಕೆಳಗೆ ನೋವು ಅಂತ ನನ್ನ ಹತ್ತಿರ ಬರುವವರು ಅಷ್ಟೊತ್ತಿಗೆ ಎಣ್ಣೆ ತಿಕ್ಕಿ, ಶಾಖ ಕೊಟ್ಟು, ದಿಂಬನ್ನೂ ಬದಲಾಯಿಸಿ ಆಗಿರುತ್ತೆ. ನಾನು ಕೇಳೋದು ಎರಡೇ ಮಾತು. ಕೈ ಎತ್ತಿದ್ರೆ, ತಿರುಗಿಸಿದ್ರೆ ನೋವು ಜಾಸ್ತಿ ಆಗುತ್ತಾ? ಯಾವ ಹೊತ್ತಲ್ಲಿ ಬರುತ್ತೆ? 'ಕೈ ಆಡಿಸಿದ್ರೆ ಏನೂ ಇಲ್ಲ ಡಾಕ್ಟ್ರೇ, ಜಿಡ್ಡಿನ ಊಟ ಮಾಡಿದ ರಾತ್ರಿ ಬರುತ್ತೆ' ಅಂದ್ರೆ ನಾನು ಭುಜ ಬಿಟ್ಟು ಹೊಟ್ಟೆ ಮುಟ್ಟಿ ನೋಡ್ತೀನಿ.

ಪಿತ್ತಕೋಶ ಅಂದ್ರೆ ಯಕೃತ್ತಿನ ಅಡಿಯಲ್ಲಿರುವ, ಸಣ್ಣ ಬದನೆಕಾಯಿ ಆಕಾರದ ಚೀಲ. ಜಿಡ್ಡು ತಿಂದಾಗ ಅದು ಹಿಂಡಿಕೊಂಡು ಪಿತ್ತರಸವನ್ನು ಕರುಳಿಗೆ ಕಳಿಸುತ್ತೆ. ಬಾಯಲ್ಲಿ ಕಲ್ಲು ಸಿಕ್ಕಿಕೊಂಡಿದ್ರೆ ಹಿಂಡಿದಷ್ಟೂ ನೋವು. ಅರ್ಧ ಗಂಟೆಯಿಂದ ಕೆಲವು ಗಂಟೆ ಇದ್ದು ತಾನೇ ಹೋಗುತ್ತೆ. ಹೋಯ್ತಲ್ಲ ಅಂತ ನಾವೂ ಮರೀತೀವಿ. ತಮಾಷೆ ನೋಡಿ, ತಲೆ ತಿರುಗಿದ್ರೆ 'ಪಿತ್ತ' ಅನ್ನೋ ನಾವು, ನಿಜವಾಗಿ ಪಿತ್ತಕೋಶ ಕೆಟ್ಟಾಗ 'ಗ್ಯಾಸ್' ಅಂತೀವಿ!

ಭುಜಕ್ಕೆ ಯಾಕೆ ಬರುತ್ತೆ? ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ, ವಪೆ, ಭ್ರೂಣದಲ್ಲಿ ಮೊದಲು ರೂಪುಗೊಳ್ಳೋದು ಕುತ್ತಿಗೆಯ ಮಟ್ಟದಲ್ಲಿ. ಆಮೇಲೆ ಕೆಳಗೆ ಇಳಿದರೂ ತವರಿನ ನಂಟು ಬಿಡಲ್ಲ, ಅದರ ನರ ಕುತ್ತಿಗೆಯಿಂದಲೇ ಬರುತ್ತೆ. ಭುಜದ ಚರ್ಮದ ನರಗಳೂ ಅಲ್ಲಿಂದಲೇ. ಊದಿಕೊಂಡ ಪಿತ್ತಕೋಶ ವಪೆಯನ್ನು ಕೆಣಕಿದಾಗ ಮಿದುಳಿಗೆ ವಿಳಾಸ ತಪ್ಪುತ್ತೆ. ಹೆಗಲಮೂಳೆಯ ಕೆಳಗಿನ ನೋವಿನ ಕಥೆಯೂ ಇಂಥದ್ದೇ, ಅಲ್ಲಿ ಗೊಂದಲ ಆಗೋದು ಬೆನ್ನಿನ ನರಗಳಲ್ಲಿ. ಲ್ಯಾಪರೋಸ್ಕೋಪಿ ಮಾಡಿಸಿಕೊಂಡವರಿಗೆ ಇದು ಗೊತ್ತಿರುತ್ತೆ: ಹೊಟ್ಟೆಗೆ ತುಂಬಿದ ಗಾಳಿ ವಪೆಗೆ ತಾಗಿ ಒಂದೆರಡು ದಿನ ಭುಜ ನೋಯುತ್ತೆ.

ಆದ್ರೆ ದಯವಿಟ್ಟು ಇದನ್ನು ಕೇಳಿ 'ನನ್ನದೂ ಪಿತ್ತಕೋಶವೇ' ಅಂತ ಮನೆಯಲ್ಲಿ ಕೂರಬೇಡಿ. ಹೃದಯದ ನೋವೂ ಭುಜಕ್ಕೆ, ಹೊಟ್ಟೆಯ ಮೇಲ್ಭಾಗಕ್ಕೆ ಬರುತ್ತೆ. ಎದೆ ಹಿಂಡಿದ ಹಾಗೆ, ಬೆವರು, ಉಸಿರು ಕಟ್ಟೋದು ಇದ್ರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ಮೊದಲು ಇಸಿಜಿ. ಚಳಿಜ್ವರ ಬಂದು ಕಣ್ಣು ಹಳದಿ ಆದ್ರೂ ಬೆಳಗಾಗಲಿ ಅಂತ ಕಾಯಬೇಡಿ.

ವಾಟ್ಸಾಪ್‌ನಲ್ಲಿ ಬರೋ ಎಣ್ಣೆ–ನಿಂಬೆರಸದ ಮದ್ದು ಬೇಡವೇ ಬೇಡ, ಎಣ್ಣೆ ಕುಡಿದ್ರೆ ಪಿತ್ತಕೋಶ ಇನ್ನೂ ಜೋರಾಗಿ ಹಿಂಡುತ್ತೆ. ಬೇರೇನಕ್ಕೋ ಸ್ಕ್ಯಾನ್ ಮಾಡಿದಾಗ ಕಂಡ, ನೋವೇ ಕೊಡದ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಿಲ್ಲ. ನೋವು ಶುರುವಾದ ಮೇಲೆ ಮಾತ್ರ ಅದು ಮರುಕಳಿಸೋದೇ ಹೆಚ್ಚು, ಸರ್ಜನ್ ಹತ್ತಿರ ಮಾತಾಡಿ. ಅಲ್ಟ್ರಾಸೌಂಡ್ ಸ್ಕ್ಯಾನ್‌ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ. ಹಾಲು ಹಾಕಿದ ಕಾಫಿಯೂ ಬೇಡ, ಕುಡಿದು ಹೋದ್ರೆ ಪಿತ್ತಕೋಶ ಕುಗ್ಗಿಬಿಡುತ್ತೆ, ಕಲ್ಲು ಸರಿಯಾಗಿ ಕಾಣಲ್ಲ.