ಪೀಣ್ಯದ ಶೆಡ್ಡಿನಿಂದ ಆಕಾಶಕ್ಕೆ



ಬೆಳಗಿನ ಏಳು ಗಂಟೆ. ಬ್ಯಾಡರಹಳ್ಳಿಯ ಬಸ್ ನಿಲ್ದಾಣದಲ್ಲಿ ಊಟದ ಡಬ್ಬಿ ಹಿಡಿದವರು ಕಾಯುತ್ತಿದ್ದಾರೆ. ಕೆಲವರು ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಿಗೆ ಹೊರಟವರು.

ಐವತ್ತು ವರ್ಷಗಳ ಹಿಂದೆ ಅದೇ ಪೀಣ್ಯದ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ ಸಿದ್ಧವಾಯಿತು. ಆ ಕೆಲಸದ ಮುಂದಾಳು ಪ್ರೊಫೆಸರ್ ಯು. ಆರ್. ರಾವ್. 1932ರಲ್ಲಿ ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದವರು.

ಮೇಲೆ ಶೀಟಿನ ಸೂರು. ಕೆಳಗೆ ಎಳೆಯ ವಯಸ್ಸಿನ ಇಂಜಿನಿಯರುಗಳು. ಉಪಗ್ರಹ ಕಟ್ಟಿದ ಅನುಭವ ಅವರಿಗಿರಲಿಲ್ಲ. ಧೂಳು ಸುಳಿಯದ ಕೊಠಡಿಯನ್ನು ಶೆಡ್ಡಿನೊಳಗೇ ಮಾಡಿಕೊಂಡರು. ಉಪಗ್ರಹದ ಮಾಹಿತಿ ಪಡೆಯುವ ಕೇಂದ್ರಕ್ಕೆ ಜಾಗ ಬೇಕಿತ್ತು. ಒಂದು ಶೌಚಾಲಯವನ್ನೇ ಅದಕ್ಕೆ ಅಣಿಗೊಳಿಸಿದರು.

1975ರ ಏಪ್ರಿಲ್ 19ರಂದು, ಸುಮಾರು 360 ಕಿಲೋ ತೂಕದ ‘ಆರ್ಯಭಟ’ ಸೋವಿಯತ್ ರಾಕೆಟ್ಟನ್ನೇರಿ ಕಕ್ಷೆ ಸೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ನಿಂತವು. ರಾವ್ ಎದೆಗುಂದಲಿಲ್ಲ. 1979ರಲ್ಲಿ ‘ಭಾಸ್ಕರ’ ಉಪಗ್ರಹ ಹಾರಿತು. 1984ರಿಂದ ಹತ್ತು ವರ್ಷ ಅವರೇ ಇಸ್ರೋ ಅಧ್ಯಕ್ಷರಾಗಿದ್ದರು. ನೆಲ, ನೀರು, ಬೆಳೆಗಳ ಮೇಲೆ ಕಣ್ಣಿಡುವ ಐಆರ್‌ಎಸ್ ಉಪಗ್ರಹ ಸರಣಿ ಆಗಲೇ ಶುರುವಾದದ್ದು.

2017ರ ಜುಲೈನಲ್ಲಿ ರಾವ್ ತೀರಿಕೊಂಡರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಈಗ ಅವರದೇ ಹೆಸರು.

ಹಳೆಯ ಎರಡು ರೂಪಾಯಿ ನೋಟು ಮನೆಯಲ್ಲಿದ್ದರೆ ಹಿಂಬದಿ ನೋಡಿ. ಪೀಣ್ಯದಲ್ಲಿ ಹುಟ್ಟಿದ ಆ ಆರ್ಯಭಟ ಅಲ್ಲಿದ್ದಾನೆ.